ಫ್ಲಾಟಿಗೆ ಬರುವ ವೈರ್ ಯಾವುದು, ಮೊದಲು ಅದನ್ನು ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಮನೆ ಇಂಟರ್ನೆಟ್ಟಿನ ಬಗ್ಗೆಯೇ. ನಾನು ಟೆಲಿಫೋನ್ ಕೇಬಲ್ ಜಾಯಿಂಟ್ ಮಾಡುತ್ತಾ ಕೆಲಸ ಕಲಿತು, ಆಮೇಲೆ ಫೈಬರ್ ಕೆಲಸಕ್ಕೆ ಬಂದವನು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಉಳಿದ ಹಲವರ ತೊಂದರೆಯೂ ಅದರೊಳಗೇ ಇದೆ.

ಪ್ರಶ್ನೆ: ನಾವಿರುವುದು ಹಳೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಯಜಮಾನರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಮಗಳಿಗೆ ಸಂಜೆ ಆನ್‌ಲೈನ್ ಕೋಚಿಂಗ್. 100 ಎಂಬಿಪಿಎಸ್ ಪ್ಲ್ಯಾನ್ ಇತ್ತು. ಸಂಜೆ ಹೊತ್ತು ವಿಡಿಯೊ ನಿಂತು ನಿಂತು ಬರುತ್ತಿತ್ತು. ಕಂಪನಿಯವರು 300ರ ಪ್ಲ್ಯಾನ್ ತಗೊಳ್ಳಿ ಅಂದರು, ತಗೊಂಡೆವು. ಈಗಲೂ ಸ್ಪೀಡ್ ಟೆಸ್ಟ್ ಮಾಡಿದರೆ 93 ದಾಟುವುದಿಲ್ಲ. ಬೇರೆ ಕಂಪನಿಯದ್ದು ಹಾಕಿಸೋಣ ಅಂದರೆ, ಹೊಸ ಕೇಬಲ್ ಎಳೆಯೋಕೆ ಬಿಡಲ್ಲ ಅಂತ ಅಸೋಸಿಯೇಷನ್ ಸೆಕ್ರೆಟರಿ ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಬನಶಂಕರಿ, ಬೆಂಗಳೂರು

ಉತ್ತರ: ಅಮ್ಮಾ, ನೀವು ಬರೆದ ಆ 93 ಅನ್ನುವ ಸಂಖ್ಯೆಯೇ ಅರ್ಧ ಉತ್ತರ ಹೇಳುತ್ತಿದೆ. ಪ್ಲ್ಯಾನ್ 300 ಆದರೂ 200 ಆದರೂ ಸ್ಪೀಡ್ ಬಂದು 93, 94ಕ್ಕೆ ನಿಂತುಬಿಡುತ್ತದೆ ಅಂದರೆ, ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ಗಿಂತ ಜಾಸ್ತಿ ಬಿಡದ ಒಂದು ಕಡೆ ಇದೆ. ಅದನ್ನು ಸರಿ ಮಾಡದೆ ಪ್ಲ್ಯಾನ್ ಏರಿಸಿದರೆ ದುಡ್ಡು ಮಾತ್ರ ಏರುತ್ತದೆ.

ಈಗ ಎದ್ದು ಹೋಗಿ ನಿಮ್ಮ ರೂಟರಿನ ಹಿಂದೆ ನೋಡಿ. ಹೊರಗಿನಿಂದ ಬರುವ ವೈರ್ ಯಾವುದು? ತೆಳ್ಳಗಿನ ಕಪ್ಪು ಅಥವಾ ಬಿಳಿ ವೈರಾಗಿದ್ದು, ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಪುಟ್ಟ ಚೌಕದ ಪಿನ್ ಇದ್ದರೆ ಅದು ಫೈಬರ್, ಅಂದರೆ ಗಾಜಿನ ಎಳೆ. ಅದು ಹೋಗಿ ಸೇರುವ ಡಬ್ಬಿಯ ಮೇಲೆ ಪಾನ್ (PON), ಲಾಸ್ (LOS) ಅಂತ ದೀಪಗಳಿರುತ್ತವೆ. ಅದರ ಬದಲು ಸ್ವಲ್ಪ ದಪ್ಪನೆಯ ವೈರಿದ್ದು, ತುದಿಯಲ್ಲಿ ಲ್ಯಾಂಡ್‌ಲೈನ್ ಫೋನಿನ ಪಿನ್ನಿಗಿಂತ ಅಗಲವಾದ ಪಾರದರ್ಶಕ ಪ್ಲಾಸ್ಟಿಕ್ ಪಿನ್ ಇದ್ದರೆ ಅದು ಲ್ಯಾನ್ ಕೇಬಲ್. ಒಳಗೆ ಎಂಟು ತಾಮ್ರದ ಎಳೆ.

ಬೆಂಗಳೂರಿನ ಎಷ್ಟೋ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಫೈಬರ್ ಬರುವುದು ಕಟ್ಟಡದವರೆಗೆ ಮಾತ್ರ. ಟೆರೇಸಿನಲ್ಲೋ ಮೀಟರ್ ಬೋರ್ಡಿನ ಪಕ್ಕದಲ್ಲೋ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಸ್ವಿಚ್ ಅನ್ನುವ ಯಂತ್ರ. ಅಲ್ಲಿಂದ ಒಂದೊಂದು ಮನೆಗೆ ಒಂದೊಂದು ಲ್ಯಾನ್ ಕೇಬಲ್. ಬಿಲ್ಲಿನ ಮೇಲೆ ಫೈಬರ್ ಅಂತಲೇ ಬರೆದಿರುತ್ತದೆ. ಆ ಸ್ವಿಚ್ ಹಳೆಯದಾದರೆ ಅದರ ಪೋರ್ಟ್ 100 ಎಂಬಿಪಿಎಸ್‌ನದ್ದು, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ಸಂಜೆ ಎಲ್ಲ ಮನೆಯವರೂ ಒಟ್ಟಿಗೆ ಟಿ.ವಿ., ಮೊಬೈಲ್ ಹಿಡಿದಾಗ ಆ ಪೆಟ್ಟಿಗೆಗೆ ಬರುವ ಒಂದೇ ಲೈನನ್ನು ಎಲ್ಲರೂ ಹಂಚಿಕೊಳ್ಳಬೇಕು. ನಿಮ್ಮ ಮಗಳ ಕ್ಲಾಸ್ ಆಗ ನಿಲ್ಲುವುದಕ್ಕೆ ಇದೂ ಕಾರಣ ಇರಬಹುದು.

ಸ್ವಿಚ್ ಹೊಸದೇ ಇದ್ದರೂ ಕೇಬಲ್ ಕೈಕೊಡಬಹುದು. 100 ಎಂಬಿಪಿಎಸ್‌ಗೆ ಎಂಟರಲ್ಲಿ ನಾಲ್ಕೇ ಎಳೆ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಬಿಸಿಲು ಮಳೆಗೆ ಒಡ್ಡಿಕೊಂಡ ಕೇಬಲಿನಲ್ಲಿ ಒಂದೇ ಒಂದು ಎಳೆ ಕಪ್ಪಾಗಿ ಹೋದರೂ ಸಾಮಾನ್ಯವಾಗಿ ಲೈನ್ ತಾನಾಗಿ 100ಕ್ಕೆ ಇಳಿದುಬಿಡುತ್ತದೆ. ಇಂಟರ್ನೆಟ್ ನಿಲ್ಲುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನಾನು ಎಷ್ಟೋ ಮನೆಗಳಲ್ಲಿ ಪಿನ್ ಕತ್ತರಿಸಿ ಹೊಸದು ಹೊಡೆದು ಕೊಟ್ಟಿದ್ದಷ್ಟೇ, ಸ್ಪೀಡ್ ಸರಿಹೋಗಿದೆ.

ಹಾಗಾಗಿ ಮೊದಲ ಪರೀಕ್ಷೆ ಇದು. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಲ್ಯಾನ್ ವೈರಿನಿಂದ ನೇರ ರೂಟರಿಗೆ ಜೋಡಿಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ ಸ್ಪೀಡ್ ನೋಡಿ. ಆಮೇಲೆ ಅದೇ ಜಾಗದಲ್ಲಿ ವೈಫೈನಲ್ಲಿ ನೋಡಿ. ವೈರಿನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಕಮ್ಮಿ ಬಂದರೆ ತೊಂದರೆ ನಿಮ್ಮ ಮನೆಯೊಳಗೆ. ಎರಡರಲ್ಲೂ ಅದೇ 93 ಬಂದರೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಅಂತಿದ್ದರೆ ನಿಮ್ಮ ರೂಟರಿನಿಂದ ಈಚೆ ಸರಿ ಇದೆ, ತೊಂದರೆ ಹೊರಗೆ. 100 ಅಂತಿದ್ದರೆ ನಿಮ್ಮ ರೂಟರಿನ ಪೋರ್ಟೋ ಆ ಚಿಕ್ಕ ವೈರೋ ಕಾರಣ. ಮೊದಲು ಅದನ್ನು ಬದಲಿಸಿ ನೋಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಹೊರಗಿನ ತೊಂದರೆ ಅಂತಾದರೆ ಈಗಿನ ಕಂಪನಿಗೇ ಮೊದಲು ಕೇಳಿ. ಕೇಳುವ ಮಾತು ಒಂದೇ: "ನಮ್ಮ ಫ್ಲಾಟಿನ ಒಳಗೇ ಫೈಬರ್ ತಂದು ಕೊಡುತ್ತೀರಾ?" ಫೈಬರ್ ಮನೆಯೊಳಗೇ ಬಂದರೆ ನಡುವೆ ಸ್ಪ್ಲಿಟರ್ ಅನ್ನುವ ಪುಟ್ಟ ಡಬ್ಬಿ ಮಾತ್ರ ಇರುತ್ತದೆ. ಅದಕ್ಕೆ ಕರೆಂಟೇ ಬೇಡ, ಬೆಳಕನ್ನು ಪಾಲು ಮಾಡುವುದಷ್ಟೇ ಅದರ ಕೆಲಸ. ಈಗ ಹೆಚ್ಚು ಕಡೆ ಹಾಕುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಫೈಬರಿನ ಮೇಲೆ ಮನೆಗಳ ಕಡೆಗೆ ಸುಮಾರು 2.5 ಗಿಗಾಬಿಟ್, ಮನೆಗಳಿಂದ ಹೊರಗೆ ಸುಮಾರು 1.25 ಗಿಗಾಬಿಟ್ ಹೋಗುತ್ತದೆ. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಟೆರೇಸಿನ ಆ ಹಳೇ ಪೆಟ್ಟಿಗೆಗಿಂತ ಇದು ಎಷ್ಟೋ ಮೇಲು.

ಇನ್ನು ನಿಮ್ಮ ಸೆಕ್ರೆಟರಿ ವಿಷಯ. ಅವರ ಮಾತಿನಲ್ಲೂ ಹುರುಳಿದೆ, ದಯವಿಟ್ಟು ಅದನ್ನು ಕಡೆಗಣಿಸಬೇಡಿ. ಯಾವುದಾದರೂ ಹಳೇ ಕಟ್ಟಡದ ಎಲೆಕ್ಟ್ರಿಕಲ್ ಡಕ್ಟ್ ಬಾಗಿಲು ತೆಗೆದು ನೋಡಿ. ಮುಚ್ಚಿಹೋದ ಕೇಬಲ್ ಟಿ.ವಿ.ಯ ವೈರ್, ಬಿಟ್ಟುಹೋದ ಕಂಪನಿಗಳ ಲ್ಯಾನ್ ಕೇಬಲ್, ಲ್ಯಾಂಡ್‌ಲೈನಿನ ಜೋಡಿ ತಂತಿ, ಎಲ್ಲ ಒಂದರ ಮೇಲೊಂದು ಜೋತು ಬಿದ್ದಿರುತ್ತವೆ. ಯಾವುದು ಜೀವಂತ, ಯಾವುದು ಸತ್ತಿದ್ದು ಯಾರಿಗೂ ಗೊತ್ತಿಲ್ಲ. ಬಂದವರೆಲ್ಲ ಗೋಡೆಗೆ ತೂತು ಹೊಡೆದು, ಹೊರಗೆ ಸಜ್ಜದ ಮೇಲೆ ವೈರ್ ಎಸೆದು ಹೋಗಿರುತ್ತಾರೆ. ಮಳೆಗಾಲದಲ್ಲಿ ಆ ತೂತಿನಿಂದ ನೀರು ಇಳಿದು ಮಲಗುವ ಕೋಣೆಯ ಗೋಡೆ ಹಸಿಯಾದರೆ ಬೈಗುಳ ಕೇಳುವವರು ಸೆಕ್ರೆಟರಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾವು ಮಾಡಿದ್ದು ಹೇಳುತ್ತೇನೆ. ಒಂದು ಭಾನುವಾರ ಪ್ರತಿ ಮನೆಯವರಿಗೂ ತಮ್ಮ ವೈರಿಗೆ ಬಿಳಿ ಟೇಪ್ ಸುತ್ತಿ ಫ್ಲಾಟ್ ನಂಬರ್ ಬರೆಯೋಕೆ ಹೇಳಿದೆವು. ಟೇಪಿಲ್ಲದ ವೈರಿಗೆ ಹದಿನೈದು ದಿನ ನೋಟಿಸ್ ಬೋರ್ಡಿನಲ್ಲಿ ಗಡುವು. ಆಮೇಲೆ ಎಲೆಕ್ಟ್ರಿಷಿಯನ್ ನಿಂತು ಒಂದೊಂದೇ ಪರೀಕ್ಷಿಸಿ, ಸತ್ತ ವೈರನ್ನೆಲ್ಲ ಕತ್ತರಿಸಿ ತೆಗೆದರು. ಗೋಣಿಚೀಲಗಟ್ಟಲೆ ಬಂತು. ಡಕ್ಟಿನಲ್ಲಿ ಕೈ ಆಡುವಷ್ಟು ಜಾಗ ಸಿಕ್ಕಿತು. ಆಮೇಲೆ ಹೊಸ ಫೈಬರಿಗೆ ಯಾರೂ ಬೇಡ ಅನ್ನಲಿಲ್ಲ.

ನೀವೂ ಸೆಕ್ರೆಟರಿ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ಅರ್ಧ ಹಾಳೆಯ ಪತ್ರ ಬರೆದುಕೊಂಡು ಹೋಗಿ. ಗೇಟಿನಿಂದ ಡಕ್ಟಿನವರೆಗೆ ವೈರ್ ಎಲ್ಲಿ ಬರುತ್ತದೆ, ಡಕ್ಟಿನಿಂದ ನಿಮ್ಮ ಬಾಗಿಲವರೆಗೆ ಪಿವಿಸಿ ಪಟ್ಟಿಯೊಳಗೆ ಹೇಗೆ ಹೋಗುತ್ತದೆ, ತೂತು ಮುಚ್ಚಿಸುವ ಹೊಣೆ ನಿಮ್ಮದು, ಹಳೇ ಕೇಬಲ್ ತೆಗೆಸುವ ಹೊಣೆಯೂ ನಿಮ್ಮದು ಅಂತ ಬರೆಯಿರಿ. ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕೈದು ಮನೆ ಒಟ್ಟಿಗೆ ಕೇಳಿದರೆ ಕಂಪನಿಯವರೂ ಒಂದೇ ಎಳೆ ಎಳೆಯುವ ಬದಲು 12 ಎಳೆಯ ಕೇಬಲ್ ತಂದು ಮಹಡಿಗೊಂದು ಡಬ್ಬಿ ಕೂರಿಸೋಕೆ ಒಪ್ಪಬಹುದು. ಮುಂದೆ ಬರುವವರಿಗೆ ಮತ್ತೆ ಎಳೆಯುವ ಕೆಲಸವೇ ಇರುವುದಿಲ್ಲ.

ಅಷ್ಟಕ್ಕೂ ಒಪ್ಪದಿದ್ದರೆ ಸಭೆಯಲ್ಲಿ ವಿಷಯ ಇಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಕಾರಿಡಾರ್, ಮೆಟ್ಟಿಲಿನಂಥ ಸಾಮಾನ್ಯ ಜಾಗದಲ್ಲಿ ಪ್ರತಿ ಫ್ಲಾಟಿನ ಮಾಲೀಕರಿಗೂ ಪಾಲಿದೆ. ವೈರ್ ಹೇಗೆ ಹೋಗಬೇಕು ಅಂತ ಅಸೋಸಿಯೇಷನ್ ನಿಯಮ ಮಾಡಲಿ, ಅದು ನ್ಯಾಯ. ಹೋಗಲೇಬಾರದು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಕೆಲವು ಕಡೆ ಬಿಲ್ಡರೋ ಅಸೋಸಿಯೇಷನ್ನೋ ಒಂದೇ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಇಂಥ ಒಪ್ಪಂದಗಳನ್ನು ಲೈಸೆನ್ಸ್ ಉಲ್ಲಂಘನೆ ಅಂತ ನೋಡಬೇಕು ಎಂದು ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2017ರ ಜನವರಿಯಲ್ಲೇ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮಗಳನ್ನೂ ತಂದಿದೆ. ಒಳ್ಳೆಯ ಫೈಬರ್ ವ್ಯವಸ್ಥೆ ಇರುವ ಕಟ್ಟಡಕ್ಕೆ ಬಾಡಿಗೆ, ಮಾರಾಟ ಎರಡರಲ್ಲೂ ಬೆಲೆ ಬರುವ ಕಾಲ ಇದು. ಈ ಮಾತನ್ನು ಸಭೆಯಲ್ಲಿ ಹೇಳಿ, ಮಾಲೀಕರ ಕಿವಿ ನೆಟ್ಟಗಾಗುತ್ತದೆ.

ಒಪ್ಪಿಗೆ ಸಿಕ್ಕಿ ಟೆಕ್ನಿಷಿಯನ್ ಬರುವ ದಿನ ದಯವಿಟ್ಟು ಮನೆಯಲ್ಲಿರಿ, ಪಕ್ಕದಲ್ಲಿ ನಿಂತು ನೋಡಿ. ಬರುವ ಹುಡುಗರಿಗೆ ದಿನಕ್ಕೆ ಇಷ್ಟು ಮನೆ ಅಂತ ಲೆಕ್ಕ ಇರುತ್ತದೆ, ಅವಸರದಲ್ಲಿರುತ್ತಾರೆ. ಒಂದು ಲೋಟ ಕಾಫಿ ಕೊಟ್ಟು ನಿಧಾನವಾಗಿ ಮಾಡಪ್ಪ ಅಂದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ. ಜಾರುವ ಅಲ್ಯುಮಿನಿಯಂ ಕಿಟಕಿಯ ಸಂದಿಯಲ್ಲಿ ಫೈಬರ್ ತರೋಕೆ ಬಿಡಬೇಡಿ. ಕಿಟಕಿ ಹಾಕಿ ತೆಗೆದು ಮಾಡುವಾಗ ಗಾಜಿನ ಎಳೆ ಒಂದು ದಿನ ಮುರಿದೇ ಮುರಿಯುತ್ತದೆ. ಮೂಲೆಯಲ್ಲಿ ವೈರನ್ನು ಮಡಚಿ ಮೊಳೆ ಹೊಡೆಯಬಾರದು. ತಿರುಗುವ ಕಡೆ ಒಂದು ಬಳೆಯಷ್ಟು ಸುತ್ತಾದರೂ ಇರಲಿ. ಅದಕ್ಕಿಂತ ಚೂಪಾಗಿ ಬಾಗಿಸಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ.

ಎರಡು ಫೈಬರ್ ತುದಿ ಸೇರಿಸುವ ಕೆಲಸವನ್ನು ಹತ್ತಿರದಿಂದ ನೋಡಿ, ನೋಡುವಂಥದ್ದು ಅದು. ಮೇಲಿನ ಪ್ಲಾಸ್ಟಿಕ್ ಸುಲಿದರೆ ಒಳಗೆ 125 ಮೈಕ್ರಾನ್ ದಪ್ಪದ ಗಾಜು ಇರುತ್ತದೆ. ಮಿಲಿಮೀಟರಿನ ಎಂಟನೇ ಒಂದು ಭಾಗ. ಅದನ್ನು ಸ್ಪಿರಿಟ್ ಹಚ್ಚಿ ಒರೆಸಿ, ಕ್ಲೀವರಿನಲ್ಲಿ ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮಷಿನ್ನಿನಲ್ಲಿ ಎದುರುಬದುರು ಇಡುತ್ತಾರೆ. ಕಿಡಿ ಹೊತ್ತಿ ಎರಡೂ ಕರಗಿ ಒಂದಾಗುತ್ತವೆ. ಎಷ್ಟು ನಷ್ಟ ಆಗಿದೆ ಅಂತ ಸ್ಕ್ರೀನಿನ ಮೇಲೆ ಬರುತ್ತದೆ. 0.02, 0.03 ಬಂದರೆ ಒಳ್ಳೇ ಜಾಯಿಂಟ್. ಒರೆಸದೆ ಅವಸರ ಮಾಡಿದ ಜಾಯಿಂಟ್ ಅದೇ ಮಷಿನ್ನಿನಲ್ಲೇ ಕಾಣುತ್ತದೆ, ಮತ್ತೆ ಮಾಡಿಸಿ. ಕತ್ತರಿಸಿದ ಗಾಜಿನ ಚೂರುಗಳನ್ನು ಟೇಪಿಗೆ ಅಂಟಿಸಿ ಕಟ್ಟಿ ಬಿಸಾಡಲು ಹೇಳಿ. ಬರಿಗಾಲಿಗೆ ಚುಚ್ಚಿದರೆ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಫೈಬರಿನ ತುದಿಯನ್ನು ಮಕ್ಕಳು ಕಣ್ಣಿನ ಹತ್ತಿರ ಹಿಡಿದು ನೋಡದ ಹಾಗೆ ನೋಡಿಕೊಳ್ಳಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದಂಥದ್ದು.

ಕೊನೆಯಲ್ಲಿ, ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರಿನ ರೀಡಿಂಗ್ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮೈನಸ್ 15ರಿಂದ ಮೈನಸ್ 24ರ ಒಳಗಿದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಬಂದಿದ್ದರೆ ಇವತ್ತು ನಡೆದರೂ ಮಳೆಗಾಲದಲ್ಲಿ ಕೈಕೊಡುವ ಲೈನ್ ಅದು. ಸಹಿ ಹಾಕುವ ಮುಂಚೆಯೇ ಸರಿ ಮಾಡಿಸಿಕೊಳ್ಳಿ.

ರೂಟರ್ ಎಲ್ಲಿಡಬೇಕು ಅನ್ನುವುದನ್ನು ಟೆಕ್ನಿಷಿಯನ್ನಿಗೆ ಬಿಡಬೇಡಿ. ಅವರು ಬಾಗಿಲ ಹತ್ತಿರವೋ ಟಿ.ವಿ. ಯೂನಿಟ್ಟಿನ ಹಿಂದೆಯೋ ಇಟ್ಟು ಹೋಗುತ್ತಾರೆ, ಅವರಿಗೆ ವೈರ್ ಉಳಿಯುತ್ತದೆ. ಹಾಲಿನ ನಡುಭಾಗದಲ್ಲಿ, ಎದೆ ಮಟ್ಟಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇರಲಿ. ಅಟ್ಟದ ಮೇಲೆ, ಕನ್ನಡಿ ಬೀರುವಿನ ಹಿಂದೆ, ಫ್ರಿಜ್ಜಿನ ಪಕ್ಕ ಬೇಡ. ವೈಫೈಯಲ್ಲಿ 2.4 ಮತ್ತು 5 ಗಿಗಾಹರ್ಟ್ಜ್ ಅಂತ ಎರಡು ದಾರಿ. 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಸುತ್ತಲಿನ ಎಲ್ಲರ ರೂಟರೂ ಆ ಮೂರರಲ್ಲೇ ಗುದ್ದಾಡುತ್ತವೆ. ಲ್ಯಾಪ್‌ಟಾಪ್, ಟಿ.ವಿ. ಎರಡನ್ನೂ 5ಕ್ಕೆ ಜೋಡಿಸಿ. ನಿಮ್ಮ ಯಜಮಾನರು ಒಳಕೋಣೆಯಲ್ಲಿ ಕೂತು ಕೆಲಸ ಮಾಡುವುದಾದರೆ, ಗೋಡೆ ಬುಡದ ಪಟ್ಟಿಯ ಗುಂಟ ಒಂದು ಕ್ಯಾಟ್-6 ವೈರ್ ಎಳೆಸಿ ಮೇಜಿಗೇ ಕೊಡಿಸಿ. ಆ ಒಂದು ವೈರಿನಷ್ಟು ನೆಮ್ಮದಿ ದುಬಾರಿ ರೂಟರೂ ಕೊಡುವುದಿಲ್ಲ.

ಕೊನೆಗೆ ಪ್ಲ್ಯಾನ್. ನೆಟ್‌ಫ್ಲಿಕ್ಸಿನವರೇ 4ಕೆ ವಿಡಿಯೊಗೆ 15 ಎಂಬಿಪಿಎಸ್ ಸಾಕು ಅನ್ನುತ್ತಾರೆ. ಒಳ್ಳೆಯ ವಿಡಿಯೊ ಕಾಲ್‌ಗೆ ಹೋಗುವ ಕಡೆ, ಬರುವ ಕಡೆ ಎರಡಕ್ಕೂ ನಾಲ್ಕೈದು ಇದ್ದರೆ ಆಯಿತು. ನಿಮ್ಮ ಮೂರು ಜನರ ಮನೆಗೆ ಗಟ್ಟಿಯಾದ 100 ಧಾರಾಳ. ಅಪ್‌ಲೋಡ್ ಎಷ್ಟು ಅಂತ ಮಾತ್ರ ಕೇಳಿ ತಿಳಿದುಕೊಳ್ಳಿ, ಯಜಮಾನರ ಮೀಟಿಂಗ್ ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ. ಜಾಹೀರಾತಿನ ಬೆಲೆಯ ಮೇಲೆ 18% ಜಿಎಸ್‌ಟಿ ಸೇರುತ್ತದೆ, 999 ಅಂದಿದ್ದು ಕೈಗೆ ಬರುವಾಗ 1,179 ರೂಪಾಯಿ. ಮೊದಲೇ ವರ್ಷದ ದುಡ್ಡು ಕಟ್ಟಬೇಡಿ. ಹೊಸದು ಒಂದು ತಿಂಗಳು ಸಂಜೆ ಹೊತ್ತೂ ಸರಿಯಾಗಿ ನಡೆದ ಮೇಲೆ ಹಳೇದನ್ನು ನಿಲ್ಲಿಸಿ. ಹಳೇ ಮೋಡೆಮ್ ವಾಪಸ್ ಕೊಟ್ಟಾಗ ರಸೀದಿ ತಗೊಳ್ಳಿ, ಡೆಪಾಸಿಟ್ ಅದರ ಮೇಲೆ ನಿಂತಿದೆ.

ಪ್ರಶ್ನೆ: ಬಾಡಿಗೆ ಫ್ಲಾಟ್. ಓನರ್ ಗೋಡೆಗೆ ಒಂದು ತೂತೂ ಹೊಡೆಯಬಾರದು ಅಂತಾರೆ. ಫೈಬರ್ ಹಾಕಿಸೋಕೆ ದಾರಿ ಇದೆಯಾ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಹೆಚ್ಚಿನ ಫ್ಲಾಟುಗಳಲ್ಲಿ ಕಟ್ಟುವಾಗಲೇ ಹಾಲಿಗೆ ಒಂದು ಟೆಲಿಫೋನ್ ಪೈಪ್, ಒಂದು ಕೇಬಲ್ ಟಿ.ವಿ. ಪೈಪ್ ಗೋಡೆಯೊಳಗೆ ಹಾಕಿರುತ್ತಾರೆ. ಟಿ.ವಿ. ಇಡುವ ಕಡೆ ಸ್ವಿಚ್‌ಬೋರ್ಡಿನ ಪ್ಲೇಟ್ ಬಿಚ್ಚಿ ನೋಡಿ, ಹಳೇ ವೈರ್ ಅಲ್ಲೇ ಸುರುಳಿ ಸುತ್ತಿ ಕೂತಿರುತ್ತದೆ. ಅದನ್ನು ಸುಮ್ನೆ ಎಳೆದು ಬಿಸಾಡಬೇಡಿ! ಅದರ ಒಂದು ತುದಿಗೆ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯಿಂದ ಎಳೆಯಿರಿ. ದಾರ ಒಳಗೆ ಬಂದ ಮೇಲೆ ಅದಕ್ಕೆ ಫೈಬರ್ ಕಟ್ಟಿ ನಿಧಾನವಾಗಿ ಎಳೆಸಿ. ಕರೆಂಟ್ ವೈರ್ ಇರುವ ಪೈಪಾದರೆ ಎಲೆಕ್ಟ್ರಿಷಿಯನ್ ಇಲ್ಲದೆ ಕೈ ಹಾಕಬೇಡಿ, ಮೇನ್ ಆಫ್ ಮಾಡಿಸಿ. ಏಸಿ ಪೈಪಿನ ತೂತು ಇದ್ದರೆ ಅದೂ ಆಗುತ್ತದೆ.

ಇದ್ಯಾವುದೂ ಆಗದಿದ್ದರೆ 2023ರಿಂದ ಏರ್‌ಟೆಲ್, ಜಿಯೊ ಎರಡೂ 5ಜಿ ಸಿಗ್ನಲ್ ಮೇಲೆ ನಡೆಯುವ ಏರ್‌ಫೈಬರ್ ಕೊಡುತ್ತಿವೆ. ಹೊರಗೆ ಒಂದು ಆಂಟೆನಾ, ಒಳಗೆ ರೂಟರ್. ಬೇಗ ಹಾಕಿಸಬಹುದು, ಮನೆ ಬಿಡುವಾಗಲೂ ಸುಲಭ. ಆದರೆ ಟವರಿನಲ್ಲಿ ಜನ ಜಾಸ್ತಿಯಾದರೆ ಸಂಜೆ ಇಳಿಯುತ್ತದೆ. ಫೈಬರಿಗೆ ದಾರಿ ಇರುವಾಗ ನಾನು ಇದನ್ನು ಆರಿಸುವುದಿಲ್ಲ.

ಪ್ರಶ್ನೆ: ಕರೆಂಟ್ ಹೋದಾಗಲೆಲ್ಲ ನೆಟ್ ಹೋಗುತ್ತೆ. ರೂಟರಿಗೆ ಯುಪಿಎಸ್ ಹಾಕಿದರೆ ಸಾಕಾ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮನೆಯೊಳಗೇ ಫೈಬರ್ ಬಂದಿದ್ದರೆ ಸಾಕು. ನಡುವೆ ಕರೆಂಟ್ ಬೇಕಾದ್ದು ಏನೂ ಸಾಮಾನ್ಯವಾಗಿ ಇರುವುದಿಲ್ಲ, ಆ ಕಡೆ ಕಂಪನಿಯ ಕೇಂದ್ರದಲ್ಲಿ ಬ್ಯಾಟರಿ ಇರುತ್ತದೆ. ಅಡಾಪ್ಟರಿನ ಮೇಲೆ 12 ವೋಲ್ಟ್, 1 ಅಥವಾ 1.5 ಅಥವಾ 2 ಆಂಪಿಯರ್ ಅಂತ ಬರೆದಿರುತ್ತದೆ. ವೋಲ್ಟ್ ಅಷ್ಟೇ ಇರುವ, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರುವ ಮಿನಿ ಯುಪಿಎಸ್ ತಗೊಳ್ಳಿ. ಫೈಬರ್ ಡಬ್ಬಿ, ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಲ್ಯಾನ್ ಕೇಬಲ್ ಬಂದಿರುವ ಮನೆಯಾದರೆ ಕಟ್ಟಡದ ಆ ಪೆಟ್ಟಿಗೆಗೂ ಬ್ಯಾಕಪ್ ಇರಬೇಕು, ಇಲ್ಲದಿದ್ದರೆ ನಿಮ್ಮ ಯುಪಿಎಸ್ ದುಡ್ಡು ದಂಡ.

ಪ್ರಶ್ನೆ: ಡಬ್ಬಿಯಲ್ಲಿ ಲಾಸ್ ಅನ್ನುವ ಕಡೆ ಕೆಂಪು ದೀಪ ಮಿಣುಕುತ್ತಿದೆ. ಆಫ್ ಮಾಡಿ ಆನ್ ಮಾಡಿದರೂ ಹೋಗಲಿಲ್ಲ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೆಳಕು ನಿಮ್ಮ ಮನೆ ತಲುಪುತ್ತಿಲ್ಲ. ಪಿನ್ ಸಡಿಲ ಆಗಿದೆಯಾ, ವೈರನ್ನು ಮೇಜೋ ಸೋಫಾವೋ ಒತ್ತಿದೆಯಾ ನೋಡಿ. ಇಲ್ಲದಿದ್ದರೆ ಹೊರಗೆ ಎಲ್ಲೋ ಕಟ್ ಆಗಿದೆ, ಕಂಪ್ಲೇಂಟ್ ಕೊಡಿ. ರೂಟರ್ ರೀಸೆಟ್ ಬಟನ್ ಒತ್ತಬೇಡಿ, ಇರುವ ಸೆಟ್ಟಿಂಗೂ ಹೋಗುತ್ತದೆ.

ಪ್ರಶ್ನೆ: ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಗಿದೆ. ಪ್ರತಿ ಸಲ "ಸರಿ ಮಾಡಿದ್ದೇವೆ" ಅಂತ ಮೆಸೇಜ್ ಬರುತ್ತೆ, ಸ್ಪೀಡ್ ಮಾತ್ರ ಹಾಗೇ. ಟ್ರಾಯ್‌ಗೆ ಬರೆಯಲಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ತಗೊಂಡು ಬಗೆಹರಿಸುವುದಿಲ್ಲ. ಆದರೆ 2012ರ ಅದರ ನಿಯಮದ ಪ್ರಕಾರ ಎರಡು ಮೆಟ್ಟಿಲು ಇವೆ. ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಕಂಪ್ಲೇಂಟ್ ನಂಬರ್ ಕೊಡಲೇಬೇಕು. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಅದಕ್ಕೆ ಶುಲ್ಕ ಇಲ್ಲ, ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ಬಹಳ ಜನ ಈ ಎರಡನೇ ಮೆಟ್ಟಿಲು ಹತ್ತುವುದೇ ಇಲ್ಲ. ಹತ್ತಿ, ಅಲ್ಲಿಂದ ಕೆಲಸ ಆಗುವುದನ್ನು ನಾನು ನೋಡಿದ್ದೇನೆ. ಲ್ಯಾನ್ ವೈರಿನಲ್ಲಿ ತೆಗೆದ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟ್ ತಾರೀಖು, ಸಮಯದ ಸಮೇತ ಇಡಿ. ವೈಫೈನಲ್ಲಿ ತೆಗೆದದ್ದು ಕಳಿಸಿದರೆ, ತೊಂದರೆ ನಿಮ್ಮ ಮನೆಯದ್ದು ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಇದರ ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗ ಕೇಳುವಂತಿಲ್ಲ ಅಂತ ಕಂಪನಿಗಳು ವಾದಿಸುತ್ತಿದ್ದವು. ಕೇಳಬಹುದು ಅಂತ 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಿಮ್ಮ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಕಂಪ್ಲೇಂಟ್ ನಂಬರುಗಳನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಂಡು ಇವತ್ತೇ ಮೇಲ್ಮನವಿ ಹಾಕಿ.